ಕೊನೆಯ ಅಂಕಿ ಅತ್ತೆಯದು

ಬೆಳಗಿನ ಐದೂ ಹತ್ತು. ಡಿಪೋದ ಅಂಗಳದಲ್ಲಿ ಎಂಬತ್ನಾಲ್ಕು ಬಸ್ಸುಗಳು ಒಂದರ ಬೆನ್ನಿಗೊಂದು ಮೂಗು ತಾಗಿಸಿಕೊಂಡು ನಿಂತಿವೆ. ಡೀಸೆಲ್ಲೂ ಸೋಪಿನ ನೀರೂ ಬೆರೆತ ನೆಲದ ಮೇಲೆ ಹುಷಾರಾಗಿ ಹೆಜ್ಜೆಯಿಡುತ್ತ, ಬೂದು ಬಣ್ಣದ ಮೇಲಂಗಿ ತೊಟ್ಟ ಹೆಂಗಸೊಬ್ಬರು ಮೊದಲ ಬಸ್ಸು ಹತ್ತುತ್ತಾರೆ. ಡ್ರೈವರ್ ಸೀಟಿನ ಹಿಂದೆ ತಿಂಡಿ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆಯಿದೆ. ಅದರ ಗುಂಡಿ ಒತ್ತಿ, ನಾಲ್ಕನೇ ಸಾಲಿನಲ್ಲಿ ಕಿಟಕಿ ಪಕ್ಕ ಕೂತು, ಕಣ್ಣು ಮುಚ್ಚುತ್ತಾರೆ. "ಮುಂದಿನ ನಿಲ್ದಾಣ, ಗಡಿಯಾರ ಕಂಬ" ಎನ್ನುತ್ತದೆ ಪೆಟ್ಟಿಗೆ. ಖಾಲಿ ಸೀಟುಗಳಿಗೆ ಬಹಳ ಮರ್ಯಾದೆಯಿಂದ ಅದು ಒಂದೊಂದೇ ನಿಲ್ದಾಣದ ಹೆಸರನ್ನು ಒಪ್ಪಿಸುತ್ತ ಹೋಗುತ್ತದೆ.

"ಕಣ್ಣು ಬಿಟ್ಕೊಂಡು ಕೇಳಿದ್ರೆ ತಪ್ಪು ಸಿಗಲ್ಲ," ಎನ್ನುತ್ತಾರೆ ಅವರು, ಕಣ್ಣು ತೆರೆಯದೆಯೇ. "ಬೋರ್ಡು ಓದ್ಬಿಡ್ತೀವಲ್ಲ, ಕಿವಿ ಸೋಮಾರಿ ಆಗುತ್ತೆ. ಇದು ಅತ್ತೆ ಕಲಿಸಿದ್ದು."

ಬಸ್ಸು ಒರೆಸುತ್ತಿದ್ದ ಡ್ರೈವರೊಬ್ಬ ಕಿಟಕಿಯಿಂದ ತಲೆ ಹಾಕುತ್ತಾನೆ. "ಚುಕ್ಕಿ ಮೇಡಂ, ಇವತ್ತಾದ್ರೂ ಐದು ಬರುತ್ತಾ?"

"ಹತ್ತು ಗಂಟೆಗೆ ನೋಡೋಣ."

"ಮೂರು ಬುಧವಾರದಿಂದ ಹತ್ತು ಗಂಟೆಗೆ ನೋಡ್ತಾನೇ ಇದೀವಿ ತಾಯಿ. ಐದು ಅನ್ನೋದು ಅಷ್ಟೊಂದು ಭಾರನಾ?"

ಮೇಡಂ ಮುಂದಿನ ನಿಲ್ದಾಣಕ್ಕೆ ಕಿವಿಗೊಡುತ್ತಾರೆ. ಭಾರವೇ. ಎಷ್ಟು ಭಾರ ಎಂಬುದು ಈ ಬರಹದ ವಿಷಯ.

ಡಿಪೋದವರ ಬಾಯಲ್ಲಿ ಅವರು ಚುಕ್ಕಿ ಮೇಡಂ. ವಯಸ್ಸು ಐವತ್ತೆರಡು. ಟಿಕೆಟ್ ಯಂತ್ರ, ಬಾಗಿಲ ಗಂಟೆ, ಬೋರ್ಡಿನ ದೀಪ, ಇಂಥವುಗಳ ರಿಪೇರಿಗೆ ಸೇರಿ ಇಪ್ಪತ್ತಮೂರು ವರ್ಷ ಆಯಿತು. ಅದು ಸಂಬಳದ ಕೆಲಸ. ಸಂಬಳವಿಲ್ಲದ ಇನ್ನೊಂದಿದೆ. ಹದಿನಾಲ್ಕು ವರ್ಷದ ಹಿಂದೆ, ಕಣ್ಣು ಕಾಣದ ಪ್ರಯಾಣಿಕರಿಗಾಗಿ ನಿಲ್ದಾಣದ ಹೆಸರು ಕೂಗುವ ಸಾಫ್ಟ್‌ವೇರ್ ಒಂದನ್ನು ಮನೆಯ ಅಡುಗೆಮನೆಯ ಮೇಜಿನ ಮೇಲೆ ಬರೆದರು. ಬರೆದದ್ದನ್ನು ಬೀಗ ಹಾಕಿ ಇಟ್ಟುಕೊಳ್ಳದೆ, ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಲಿ ಎಂದು ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟರು. ಇವತ್ತು ಹನ್ನೊಂದು ಊರಿನ ಸಾವಿರದ ಮುನ್ನೂರು ಬಸ್ಸುಗಳಲ್ಲಿ ಅದು ಮಾತಾಡುತ್ತದೆ. ದಿನಕ್ಕೆ ಲಕ್ಷಗಟ್ಟಲೆ ಜನ ಅದರ ಮಾತು ಕೇಳಿ ಇಳಿಯುತ್ತಾರೆ. ಇವರು ಯಾರೆಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ, ಕಳೆದ ವರ್ಷದ ಒಂದು ಸೋಮವಾರದ ತನಕ.

ಅಡ್ಡಹೆಸರಿಗೆ ಕಾರಣ ಆ ಸಾಫ್ಟ್‌ವೇರಿನ ನಂಬರು. ಹೀಗೆ ತೆರೆದಿಟ್ಟ ಸಾಫ್ಟ್‌ವೇರನ್ನು ತಿದ್ದಿದಾಗಲೆಲ್ಲ ಹೊಸ ನಂಬರು ಹಾಕಿ ಬಿಡುಗಡೆ ಮಾಡಬೇಕು. ಯಾವುದು ಹಳೆಯದು ಯಾವುದು ಹೊಸದು ಎಂದು ಬಳಸುವವರಿಗೆ ತಿಳಿಯಬೇಕಲ್ಲ. ಮೊದಮೊದಲು ಇವರಿಗೆ ಆ ಶಿಸ್ತು ಇರಲಿಲ್ಲ. ಒಂದಕ್ಕೆ "ಹೊಸದು" ಎಂದಿಟ್ಟರು. ಮುಂದಿನದಕ್ಕೆ "ಕೊನೆಯದು". ಅದಾದ ಮೇಲೆ "ನಿಜವಾಗಿ ಕೊನೆಯದು". ಹೀಗಿರುವಾಗ, ಹನ್ನೊಂದು ವರ್ಷದ ಹಿಂದೆ, ಗಣಿತದ ಟೀಚರಾಗಿ ನಿವೃತ್ತರಾದ ಅತ್ತೆ ಎರಡು ಟ್ರಂಕು ಮತ್ತು ಒಂದು ಕೆಂಪು ಪೆನ್ನಿನೊಂದಿಗೆ ಮಗನ ಮನೆಗೆ ಬಂದಿಳಿದರು.

"ಬಂದ ಮೂರನೇ ದಿನಕ್ಕೆ ನನ್ನ ಹಿಂದೆ ನಿಂತು ಪರದೆ ನೋಡಿದ್ರು," ಎಂದು ನೆನೆಯುತ್ತಾರೆ ಮೇಡಂ. "'ಕೊನೆಯದು ಮೂರು' ಅಂತ ಇತ್ತು. 'ಕೊನೆಯದು ಅಂದ್ಮೇಲೆ ಮೂರು ಎಲ್ಲಿಂದ ಬಂತೇ?' ಅಂದ್ರು. ಅಡುಗೆಗೆ ಉಪ್ಪು ಜಾಸ್ತಿ ಆದ್ರೆ ಒಂದು ಮಾತು ಆಡದ ಹೆಂಗಸು, ಇದಕ್ಕೆ ಎರಡು ದಿನ ಮುಖ ಊದಿಸ್ಕೊಂಡಿದ್ರು."

ಮುನಿಸಿನ ಮೂರನೆಯ ದಿನ ಅತ್ತೆ ಕಾನೂನು ತಂದರು. ಪ್ರಪಂಚದಲ್ಲಿ ಬಹಳ ಕಡೆ ಬಳಕೆಯಲ್ಲಿರುವ ಪದ್ಧತಿಯೇ ಅದು. ಅತ್ತೆ ಅದನ್ನು ಮನೆತನದ ಕಟ್ಟಳೆ ಮಾಡಿದರು ಅಷ್ಟೆ. ಮೂರು ಅಂಕಿ, ನಡುವೆ ಎರಡು ಚುಕ್ಕಿ. ಬರೀ ರಿಪೇರಿಯಾದರೆ ಕೊನೆಯ ಅಂಕಿ ಒಂದು ಏರುತ್ತದೆ. ಕಣ್ಣು ಮುಚ್ಚಿಕೊಂಡು ಹಾಕಿಕೊಳ್ಳಬಹುದು. ಹೊಸ ಸೌಲಭ್ಯ ಸೇರಿದರೆ ನಡುವಿನ ಅಂಕಿ ಏರುತ್ತದೆ. ಹಳೆಯದು ಏನೂ ಕೆಡುವುದಿಲ್ಲ. ಹಳೆಯ ಪದ್ಧತಿಯೇ ಮುರಿಯುವಂಥ ಬದಲಾವಣೆಯಾದರೆ ಮೊದಲ ಅಂಕಿ ಏರುತ್ತದೆ. ನಿಂತು, ಓದಿ, ನಿಮ್ಮ ಕಡೆ ಬದಲಿಸಬೇಕಾದ್ದನ್ನು ಬದಲಿಸಿ ಆಮೇಲೆ ಹಾಕಿ ಎಂದರ್ಥ. ಮತ್ತು ಎಡಗಡೆಯದು ಏರಿದಾಗ ಬಲಗಡೆಯದು ಸೊನ್ನೆಯಾಗಬೇಕು, ಗಂಟೆ ಬದಲಾದಾಗ ನಿಮಿಷ ಸೊನ್ನೆಯಾಗುವ ಹಾಗೆ.

ಕೆಲಸವೂ ಹಾಗೆಯೇ ಹಂಚಿಕೆಯಾಯಿತು. ಅರವತ್ತನಾಲ್ಕನೇ ವಯಸ್ಸಿನಲ್ಲಿ ಅತ್ತೆ ಕೋಡ್ ಬರೆಯುವುದು ಕಲಿತರು. ("ಇದೂ ಬೀಜಗಣಿತವೇ, ಕಾಗುಣಿತ ಮಾತ್ರ ಕೆಟ್ಟದು" ಎಂಬುದು ಅವರ ಷರಾ.) ಹೊಸದು ಮಾಡುವುದು ಸೊಸೆ, ತಪ್ಪು ಹುಡುಕಿ ರಿಪೇರಿ ಮಾಡುವುದು ಅತ್ತೆ. ಮೊದಲೆರಡು ಅಂಕಿ ಸೊಸೆಯದು, ಕೊನೆಯ ಅಂಕಿ ಅತ್ತೆಯದು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಯಾವುದಾದರೂ ಒಂದು ಬಸ್ಸು ಹತ್ತಿ ಕಣ್ಣು ಮುಚ್ಚಿ ಕೂತು, ಆ ತುದಿಯಿಂದ ಈ ತುದಿಯವರೆಗೆ ಹೋಗಿ ಬರುತ್ತಿದ್ದರು. ಒಮ್ಮೆ ಕಂಡಕ್ಟರ್ ಭುಜ ತಟ್ಟಿ, "ಅಜ್ಜಿ, ಕೊನೇ ಸ್ಟಾಪು, ಎದ್ದೇಳಿ" ಎಂದನಂತೆ. "ನಾನು ನಿದ್ದೆ ಮಾಡ್ತಿಲ್ಲಪ್ಪ, ಡ್ಯೂಟೀಲಿದೀನಿ" ಎಂದರಂತೆ ಅತ್ತೆ.

ಆ ಡ್ಯೂಟಿಯ ದಾಖಲೆ ಎರಡು ತೆಳು ನೋಟುಪುಸ್ತಕಗಳಲ್ಲಿದೆ. ಮೇಡಂ ಅವನ್ನು ಅಕ್ಕಿ ಡಬ್ಬದ ಮೇಲಿನ ಗೂಡಿನಿಂದ ಇಳಿಸಿ ತೋರಿಸುತ್ತಾರೆ. ಕೆಂಪು ಅಕ್ಷರ, ಒಂದು ರಿಪೇರಿಗೆ ಒಂದೇ ಸಾಲು. "೩.೨.೪: ಸೇತುವೆ ಹತ್ತುವ ಮೊದಲೇ ಸೇತುವೆ ಬಂತು ಎನ್ನುತ್ತಿತ್ತು. ಅವಸರ. ಸರಿಪಡಿಸಿದೆ." "೪.೧.೯: ಹಳೇ ಅಂಚೆ ಕಚೇರಿ ಎನ್ನುವಲ್ಲಿ ಹಳೇ ನುಂಗುತ್ತಿತ್ತು. ಸರಿಪಡಿಸಿದೆ." ಹೀಗೆ ಇನ್ನೂರ ಆರು ಸಾಲು. ಪೆಟ್ಟಿಗೆಯಲ್ಲಿ ಮಾತಾಡುವ ದನಿ ಅತ್ತೆಯದೇನೂ ಅಲ್ಲ. ಯಾರದೋ ಬಾಡಿಗೆ ದನಿ. ಆ ದನಿಯನ್ನು ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಮದುವೆ ಮನೇಲಿ ಊಟಕ್ಕೆ ಕರೆಯೋರ ಥರ ಮಾತಾಡ್ತಾಳೆ" ಎಂದು ಗೊಣಗುತ್ತಿದ್ದರಂತೆ.

ಸೊಸೆ ಹೊಸ ಸೌಲಭ್ಯ ಸೇರಿಸಿದಾಗಲೆಲ್ಲ ಅತ್ತೆಯ ಅಂಕಿ ಸೊನ್ನೆಯಾಗುತ್ತಿತ್ತು. "ತಗೋ, ಮತ್ತೆ ನನ್ನ ಅಳಿಸಿದ್ಲು" ಎಂದು ಮನೆಗೆ ಬಂದವರೆದುರೆಲ್ಲ ದೂರು. ಆದರೆ ಆ ದೂರಿನಲ್ಲೊಂದು ಗೆಲುವು ಇರುತ್ತಿತ್ತು. ಹೊಸದು ಬಂದಲ್ಲಿ ಹೊಸ ತಪ್ಪು ಇದ್ದೇ ಇರುತ್ತದೆ. ಎರಡು ವಾರದೊಳಗೆ ಸೊನ್ನೆ ಹೋಗಿ ನಾಲ್ಕಾಗುತ್ತಿತ್ತು, ಎರಡು ತಿಂಗಳಿಗೆ ಹತ್ತು. "ನೀನು ಹೊಸದು ಮಾಡ್ತಾ ಇರು ತಾಯಿ, ನನಗೆ ಉದ್ಯೋಗ ತಪ್ಪಲ್ಲ."

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾರೆ, ಮಾತು ಕಡಿಮೆ. ಅಮ್ಮನ ಬಗ್ಗೆ ಕೇಳಿದರೆ, "ಅಮ್ಮ ನನ್ನ ಹೋಂವರ್ಕ್ ಇಷ್ಟು ನೋಡಿರ್ಲಿಲ್ಲ, ಇವಳದ್ದು ನೋಡಿದಾರೆ," ಎಂದಷ್ಟೇ ಹೇಳಿ ಲೋಟ ತೊಳೆಯಲು ಹೋಗುತ್ತಾರೆ. ಸ್ವಲ್ಪ ಜಾಸ್ತಿ ಹೊತ್ತೇ ತೊಳೆಯುತ್ತಾರೆ.

ಅತ್ತೆ ಹೋಗಿ ಹದಿನಾರು ತಿಂಗಳು. ಪುಸ್ತಕದ ಕೊನೆಯ ಕೆಂಪು ಸಾಲು ಅದಕ್ಕೆ ಹನ್ನೊಂದು ದಿನ ಮೊದಲಿನದು. "೪.೭.೩೧: ಬಾಗಿಲು ಯಾವ ಕಡೆ ಎಂದು ಹೇಳುವ ಮೊದಲು ಅರ್ಧ ಸೆಕೆಂಡು ಬಿಡುವು ಕೊಟ್ಟೆ. ಮುದುಕರಿಗೆ ಏಳಲು ಬೇಕು."

ಆಮೇಲೆ ಏಳು ತಿಂಗಳು ಮೇಡಂ ಏನನ್ನೂ ಬಿಡುಗಡೆ ಮಾಡಲಿಲ್ಲ. ಡಿಪೋದಲ್ಲಿ ಯಾರಾದರೂ ಪೆಟ್ಟಿಗೆಯ ನಂಬರು ಕೇಳಿದರೆ, "ನಾಲ್ಕು ಚುಕ್ಕಿ ಏಳು ಚುಕ್ಕಿ ಮೂವತ್ತೊಂದು" ಎಂದು ಪೂರ್ತಿ ಹೇಳುತ್ತಿದ್ದರು, ಮನೆ ವಿಳಾಸ ಹೇಳುವ ಹಾಗೆ. ಆದರೆ ಪ್ರಪಂಚ ನಿಲ್ಲಬೇಕಲ್ಲ. ಊರಿಗೆ ಎರಡನೆಯ ಡಿಪೋ ಬಂತು. ಬಸ್ಸುಗಳು ಎಲ್ಲಿಂದ ಹೊರಡುತ್ತವೆ ಎಂಬುದೇ ಬದಲಾಗಿ ಪೆಟ್ಟಿಗೆಗಳಿಗೆ ಗೊಂದಲವಾಯಿತು. ಅದಕ್ಕೆ ಪರಿಹಾರವಾಗಿ ಮೇಡಂ ನಿಲ್ದಾಣಗಳನ್ನು ಎಣಿಸುವ ರೀತಿಯನ್ನೇ ಬದಲಿಸಿದರು. ಅಲ್ಲಿಯವರೆಗೆ ಡಿಪೋ ಬಿಟ್ಟ ಮೇಲೆ ಸಿಗುವ ನಿಲ್ದಾಣ ಪಟ್ಟಿಯಲ್ಲಿ ಒಂದನೆಯದು. ಇನ್ನು ಮೇಲೆ ಡಿಪೋವೇ ಒಂದನೆಯದು. ತಮ್ಮ ಊರಿನ ಪಟ್ಟಿಗಳನ್ನೆಲ್ಲ ತಿದ್ದಿದರು, ಎಂಬತ್ನಾಲ್ಕು ಬಸ್ಸಿನಲ್ಲೂ ಕಣ್ಣು ಮುಚ್ಚಿ ಕೂತರು. ಎಲ್ಲ ಸರಿಯಿತ್ತು.

ಸರಿಯಿಲ್ಲದ್ದು ಒಂದೇ. ಹಳೆಯ ಪದ್ಧತಿ ಮುರಿದಿತ್ತು. ಕಾನೂನಿನ ಪ್ರಕಾರ ಅದು ೫.೦.೦ ಆಗಬೇಕಿತ್ತು. ಮೇಡಂ ಅದಕ್ಕೆ ೪.೭.೩೨ ಎಂದು ಹಾಕಿದರು.

ತಿಳಿಯದೆ ಹಾಕಿದ್ದಲ್ಲ. ಅದನ್ನು ಅವರು ಮುಚ್ಚಿಡುವುದೂ ಇಲ್ಲ. "ಐದು ಅಂತ ಟೈಪ್ ಮಾಡ್ದೆ. ಆಮೇಲೆ ಎರಡು ಸೊನ್ನೆ. ನೋಡ್ತಾ ಕೂತೆ. ಮುಂಚೆ ಸೊನ್ನೆ ಅಂದ್ರೆ ಇನ್ಮೇಲೆ ಅತ್ತೆ ಶುರು ಹಚ್ಕೋತಾರೆ ಅಂತ. ಈಗ ಸೊನ್ನೆ ಅಂದ್ರೆ ಸೊನ್ನೆ." ಮೇಜಿನ ಮೇಲಿಲ್ಲದ ಕಸವನ್ನು ಅವರು ಕೈಯಿಂದ ಗುಡಿಸುತ್ತಾರೆ. "ಅಳಿಸಿ ಮೂವತ್ತೆರಡು ಅಂತ ಹಾಕ್ದೆ. ಅವರದೇ ಮುಂದುವರೀತಾ ಇದೆ ಅನ್ನಿಸ್ತು. ಪುಸ್ತಕದಲ್ಲಿ ಅವರ ಸಾಲಿನ ಕೆಳಗೆ ನಾನೇ ಬರ್ದೆ, ನೀಲಿ ಪೆನ್ನಲ್ಲಿ."

ಕೊನೆಯ ಅಂಕಿ ಏರಿದರೆ ಬರೀ ರಿಪೇರಿ, ಕಣ್ಣು ಮುಚ್ಚಿಕೊಂಡು ಹಾಕಿಕೊಳ್ಳಿ: ಹತ್ತು ವರ್ಷ ಈ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ. ಆದ್ದರಿಂದ ಆರು ಊರಿನ ಪೆಟ್ಟಿಗೆಗಳು ಅಂಥದ್ದನ್ನು ಪ್ರತಿ ಸೋಮವಾರ ನಸುಕಿನಲ್ಲಿ ಯಾರನ್ನೂ ಕೇಳದೆ ತಾವೇ ಹಾಕಿಕೊಳ್ಳುವಂತೆ ಇದ್ದವು. ಆ ಸೋಮವಾರ ಅವು ಹೊಸ ರೀತಿಯಲ್ಲಿ ಎಣಿಸುತ್ತ, ಹಳೆಯ ಪಟ್ಟಿಯನ್ನೇ ಓದಿದವು. ಪ್ರತಿ ಬಸ್ಸೂ ಪ್ರತಿ ನಿಲ್ದಾಣದಲ್ಲೂ ಅದರ ಮುಂದಿನ ನಿಲ್ದಾಣದ ಹೆಸರು ಹೇಳಿತು. ಎಂಟು ಗಂಟೆಗೆ ಮೊದಲ ದೂರು ಬಂತು. ಮೇಡಂ ವಿಷಯ ಗ್ರಹಿಸಿ ಬಿಡುಗಡೆ ವಾಪಸ್ ಪಡೆಯುವಾಗ ಹತ್ತೂವರೆ. ಅಷ್ಟರಲ್ಲಿ ಎಷ್ಟೋ ಜನ ಒಂದು ನಿಲ್ದಾಣ ಮೊದಲೇ ಇಳಿದಿದ್ದರು. ಕಣ್ಣಿದ್ದವರು ಬೈದುಕೊಂಡು ಮತ್ತೆ ಹತ್ತಿದರು.

ಎರಡು ಗಂಟೆ ರೈಲು ದೂರದ ಊರೊಂದರಲ್ಲಿ, ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಒಬ್ಬರು, ಹುಟ್ಟಿನಿಂದ ಕಣ್ಣು ಕಾಣದವರು, "ಆಸ್ಪತ್ರೆ" ಎಂದು ಕೇಳಿ ಇಳಿದರು. ಅದು ಆಸ್ಪತ್ರೆಯಾಗಿರಲಿಲ್ಲ, ಅದರ ಹಿಂದಿನ ಗೋದಾಮು ನಿಲ್ದಾಣ. ಪೈಪು ಹಾಕಲು ಕಾಲುದಾರಿ ಅಗೆದಿದ್ದರು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಕೈಯಿಂದಲೇ ಬದುಕುವ ಮನುಷ್ಯ.

ಸುದ್ದಿ ತಿಳಿದ ಭಾನುವಾರ ಮೇಡಂ ರೈಲು ಹತ್ತಿದರು. ಎರಡನೇ ಮಹಡಿಯ ಒಂಟಿ ಕೋಣೆ, ಗೋಡೆಗೆ ಒತ್ತಿ ಹಾಕಿದ ಕಬ್ಬಿಣದ ಮಂಚ, ಎಡಗೈಲಿ ಲೋಟ ಹಿಡಿಯಲು ಇನ್ನೂ ರೂಢಿಯಾಗದ ಮನುಷ್ಯ. ಮೇಡಂ ಬಾಗಿಲಲ್ಲಿ ನಿಂತೇ, "ತಪ್ಪು ನಂದು, ಕ್ಷಮಿಸಿ" ಎಂದರು.

"ಕ್ಷಮಿಸೋದು ಆಮೇಲೆ ನೋಡೋಣ," ಎಂದರು ಆತ. "ಮೊದಲು ಏನಾಯ್ತು ಅಂತ ಹೇಳಿ. ಕೂತ್ಕೊಂಡು ಹೇಳಿ, ಕುರ್ಚಿ ನಿಮ್ಮ ಎಡಗಡೆ ಇದೆ."

ಮೇಡಂ ಎಲ್ಲ ಹೇಳಿದರು. ಮೂರು ಅಂಕಿ, ಎರಡು ಚುಕ್ಕಿ, ಅತ್ತೆ, ಕೆಂಪು ಪೆನ್ನು, ಮೂವತ್ತೊಂದು. ಆತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದ್ದು ಇಷ್ಟು: "ಅಂದ್ರೆ ನಿಮ್ಮ ಅತ್ತೆ ನಂಬರ್ ಉಳೀಲಿ ಅಂತ ನನ್ನ ಕೈ ಹೋಯ್ತು."

"ಹೌದು" ಎಂದರು ಮೇಡಂ.

ಆ ಊರಿನವರು ಆ ಸೋಮವಾರವೇ ಎಲ್ಲ ಬಸ್ಸುಗಳ ಪೆಟ್ಟಿಗೆ ಆರಿಸಿದರು. ಉಳಿದ ಐದು ಊರು ಮತ್ತೆ ಮೂವತ್ತೊಂದಕ್ಕೆ ಹಿಂತಿರುಗಿದವು. ಆ ಒಂದು ಊರಿನ ಬಸ್ಸುಗಳು ಒಂಬತ್ತು ತಿಂಗಳು ಮೂಕವಾಗಿ ಓಡಿದವು. ಕಣ್ಣು ಕಾಣದವರು ಅಕ್ಕಪಕ್ಕದವರನ್ನು ಕೇಳುತ್ತ, ಅಕ್ಕಪಕ್ಕದವರು ಫೋನಿನಲ್ಲಿ ಮುಳುಗಿರುತ್ತ. ಮತ್ತೆ ಯಾವಾಗ ಹಾಕುತ್ತೀರಿ ಎಂದು ಮೇಡಂ ಬರೆದರೆ ಸಾರಿಗೆ ಕಚೇರಿಯಿಂದ ಒಂದೇ ಸಾಲಿನ ಉತ್ತರ: ನಿಮ್ಮ ನಂಬರನ್ನು ಇನ್ನು ಯಾವ ಧೈರ್ಯದ ಮೇಲೆ ನಂಬುವುದು?

ಬಳಸುವವರೆಲ್ಲ ಸೇರಿ ಹರಟುವ ಇಂಟರ್‌ನೆಟ್ ಕಟ್ಟೆಯಲ್ಲಿ ನಂಬರಿನ ಪದ್ಧತಿಯನ್ನೇ ಬದಲಿಸುವ ಮಾತು ಬಂತು. ಒಬ್ಬರು ಹಕ್ಕಿಗಳ ಹೆಸರಿಡೋಣ ಎಂದರು. ಗುಬ್ಬಿ ಆದ ಮೇಲೆ ಕಾಗೆಯೋ ಕಾಗೆ ಆದ ಮೇಲೆ ಗುಬ್ಬಿಯೋ ಎಂದು ನಾಲ್ಕು ದಿನ ಜಗಳವಾಯಿತು. ಇನ್ನೊಬ್ಬರು ಅತ್ತೆಯ ಹೆಸರನ್ನೇ ಇಡೋಣ ಎಂದರು. ಮೇಡಂ ಒಪ್ಪಲಿಲ್ಲ. "ಅವರ ಹೆಸರಿನ ಮುಂದೆ ತಪ್ಪುಗಳ ಪಟ್ಟಿ ಬರುತ್ತೆ. ಎದ್ದು ಬಂದು ಹೊಡೀತಾರೆ." ಹೆಚ್ಚಿನವರ ಒಲವು ತಾರೀಕಿನ ಕಡೆಗಿತ್ತು: ಬಿಡುಗಡೆಯಾದ ವರ್ಷ, ಚುಕ್ಕಿ, ತಿಂಗಳು. ಏರಿಳಿತವಿಲ್ಲ, ಯಾರ ಅಂಕಿಯೂ ಸೊನ್ನೆಯಾಗುವುದಿಲ್ಲ. ಮೇಡಂಗೆ ಅದು ದೇವರು ಕೊಟ್ಟ ದಾರಿಯ ಹಾಗೆ ಕಂಡಿತು. ಮೂವತ್ತೊಂದನ್ನು ಯಾರೂ ಅಳಿಸಬೇಕಿಲ್ಲ. ಪದ್ಧತಿಯೇ ಬೇರೆಯಾದರೆ ಅದು ಅಲ್ಲಿಗೇ, ಹಾಗೇ, ನಿಂತಿರುತ್ತದೆ.

ಹೆಚ್ಚುಕಡಿಮೆ ಒಪ್ಪಿಯೇಬಿಟ್ಟಿದ್ದರು. ಒಪ್ಪುವ ಮೊದಲು ಫಿಸಿಯೋಥೆರಪಿಸ್ಟ್‌ಗೆ ಫೋನು ಮಾಡಿದರು. ಯಾಕೆ ಎಂದು ಕೇಳಿದರೆ, "ಇನ್ಯಾರನ್ನ ಕೇಳ್ಲಿ?" ಎನ್ನುತ್ತಾರೆ.

"ತಾರೀಕು ಇಟ್ಕೊಂಡು ನಾನೇನ್ ಮಾಡ್ಲಿ?" ಎಂದರಂತೆ ಆತ. "ಹಾಲಿನ ಪ್ಯಾಕೆಟ್ಟಾ ಅದು? ಯಾವತ್ತು ಮಾಡಿದ್ರಿ ಅನ್ನೋದು ನಿಮ್ಮನೆ ವಿಷಯ. ಇವತ್ತಿಂದ ಎಣಿಕೆ ಬದಲಾಗಿದೆ, ಹುಷಾರು, ಅಂತ ಯಾರಾದ್ರೂ ಮೊದಲೇ ಹೇಳಿದ್ರೆ ನಮ್ಮೂರಿನೋರು ಪಟ್ಟಿ ತಿದ್ಕೋತಿದ್ರು. ನಿಮ್ಮ ಅತ್ತೆ ಲೆಕ್ಕದಲ್ಲಿ ಅದು ಇತ್ತು. ನೀವು ಹೇಳ್ಲಿಲ್ಲ ಅಷ್ಟೆ."

ಪದ್ಧತಿ ಸರಿಯಿತ್ತು, ಸುಳ್ಳು ಹೇಳಿದ್ದು ತಾನು. ಮೇಡಂ ಕಟ್ಟೆಯಲ್ಲಿ ಅದನ್ನೇ ಬರೆದರು, ಅತ್ತೆಯ ವಿಷಯ ಬಿಡದೆ. ಮೂರು ಅಂಕಿ ಎರಡು ಚುಕ್ಕಿಯೇ ಇರುತ್ತದೆ, ಮುಂದಿನದು ೫.೦.೦, ಹಾಕಿಕೊಳ್ಳುವ ಮೊದಲು ಪಟ್ಟಿಯಲ್ಲಿ ತಿದ್ದಬೇಕಾದ್ದು ಇದು. ಬರೆದು, ಎಲ್ಲ ಸಿದ್ಧ ಮಾಡಿ, ಪರೀಕ್ಷೆಯೂ ಮುಗಿಸಿದರು. ಬಿಡುಗಡೆಗೆ ಅತ್ತೆಯ ಕಾಲದಿಂದಲೂ ಬುಧವಾರ ಬೆಳಿಗ್ಗೆ ಹತ್ತು ಗಂಟೆ. ವಾರದ ರಜೆಗೆ ಮೊದಲು ಬೈಸಿಕೊಳ್ಳಲು ಎರಡು ಪೂರ್ತಿ ದಿನ ಕೈಯಲ್ಲಿರಬೇಕು ಎಂಬ ಲೆಕ್ಕ. ಒಂದು ಬುಧವಾರ ತಲೆನೋವು ಎಂದರು. ಇನ್ನೊಂದು ಬುಧವಾರ ಕರೆಂಟಿಲ್ಲ ಎಂದರು, ಇತ್ತು. ಮೂರನೆಯ ಬುಧವಾರ ಏನೂ ಹೇಳಲಿಲ್ಲ.

ಇವತ್ತು ನಾಲ್ಕನೆಯದು. ಡಿಪೋದ ಪಾಳಿ ಮುಗಿಸಿ ಬಂದು ಮೇಡಂ ಅಡುಗೆಮನೆಯ ಮೇಜಿನೆದುರು ಕೂತಿದ್ದಾರೆ. ಗಂಡ ಅಂಗಡಿಗೆ ಹೊರಡದೆ ಬಾಗಿಲ ಬಳಿ ಚಪ್ಪಲಿ ಹುಡುಕುವ ನೆಪದಲ್ಲಿದ್ದಾರೆ. ಚಪ್ಪಲಿ ಕಾಲಲ್ಲೇ ಇದೆ.

"ಅಳಿಸಿ ಹೋಗಲ್ವಲ್ಲೇ," ಎನ್ನುತ್ತಾರೆ ಕೊನೆಗೆ. "ಹಳೇವೆಲ್ಲ ಪಟ್ಟೀಲಿ ಇದ್ದೇ ಇರುತ್ತೆ ಅಂತ ನೀನೇ ಹೇಳಿದ್ದೆ."

"ಪಟ್ಟೀಲಿ ಇರೋದು ಬೇರೆ, ಬಸ್ಸಲ್ಲಿ ಇರೋದು ಬೇರೆ ಕಣ್ರೀ."

ಹತ್ತು ಗಂಟೆಗೆ ಮೂರು ನಿಮಿಷ ಮೀರಿದೆ. ಅತ್ತೆಯಿದ್ದಿದ್ದರೆ ಆ ಮೂರು ನಿಮಿಷಕ್ಕೂ ಒಂದು ಮಾತು ಇರುತ್ತಿತ್ತು. ಪರದೆ ಖಚಿತವೇ ಎಂದು ಕೇಳುತ್ತದೆ. ಮೇಡಂ ಹೌದು ಒತ್ತುತ್ತಾರೆ. ಸದ್ದೂ ಇಲ್ಲ, ಗದ್ದಲವೂ ಇಲ್ಲ. ಮೂವತ್ತೊಂದು ಇದ್ದಲ್ಲಿ ಸೊನ್ನೆ ಬಂದಿದೆ. ಗಂಡ ಹತ್ತಿರ ಬಂದು ಪರದೆ ನೋಡಿ, ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಗಾಜು ಒರೆಸುತ್ತಾರೆ. ಅಂಗಿಯಿಂದ ಗಾಜು ಒರೆಸಬಾರದು ಎಂದು ದಿನಕ್ಕೆ ನಲವತ್ತು ಗಿರಾಕಿಗಳಿಗೆ ಹೇಳುವ ಮನುಷ್ಯ.

ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಅದೇ ಡಿಪೋ, ಅದೇ ಐದೂ ಹತ್ತು. ಮೂಕವಾಗಿದ್ದ ಊರು ಪಟ್ಟಿ ತಿದ್ದಿಕೊಂಡು ಮೊನ್ನೆ ಐದನ್ನು ಹಾಕಿಕೊಂಡಿದೆ. ಫಿಸಿಯೋಥೆರಪಿಸ್ಟ್ ನಿನ್ನೆ ಬೆಳಿಗ್ಗೆಯೇ ಫೋನು ಮಾಡಿದ್ದರಂತೆ. ಅವರ ಮಣಿಕಟ್ಟು ಕೂಡಿದೆ, ಆದರೆ ಬಲಗೈ ಹಿಡಿತ ಮೊದಲಿನಂತಾಗಿಲ್ಲ, ಆಗುವುದೂ ಇಲ್ಲ. ಆಸ್ಪತ್ರೆಯಲ್ಲಿ ಈಗ ಹಗುರ ಕೆಲಸ. "ಆಸ್ಪತ್ರೆ ಅಂತು, ಇಳಿದೆ, ಆಸ್ಪತ್ರೆನೇ ಇತ್ತು" ಎಂದರಂತೆ. ಕ್ಷಮಿಸಿದೆ ಎಂದು ಅವತ್ತೂ ಹೇಳಲಿಲ್ಲ. ಬದಲಿಗೆ ಒಂದು ದೂರು ಕೊಟ್ಟರು: ಹೊಸದರಲ್ಲಿ, ಬಾಗಿಲು ಯಾವ ಕಡೆ ಎನ್ನುವ ಮೊದಲು ಇದ್ದ ಬಿಡುವು ಕಾಣೆಯಾಗಿದೆ. ಏಳಲು ಹೊತ್ತು ಸಾಲುತ್ತಿಲ್ಲ.

ಎಣಿಕೆ ಬದಲಿಸುವ ಭರದಲ್ಲಿ ಅತ್ತೆಯ ಅರ್ಧ ಸೆಕೆಂಡನ್ನು ಸೊಸೆಯೇ ಅಳಿಸಿಬಿಟ್ಟಿದ್ದರು. ಎಂಬತ್ನಾಲ್ಕು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ಕಿವಿಗೆ ಬಿದ್ದಿರಲಿಲ್ಲ.

ಇವತ್ತು ಹತ್ತಕ್ಕೆ ೫.೦.೧. ಮನೆಯ ನೋಟುಪುಸ್ತಕದಲ್ಲಿ ಮೂವತ್ತೆರಡರ ನೀಲಿ ಸಾಲಿನ ಮೇಲೆ ಒಂದು ಗೀಟು ಎಳೆದಿದೆ, ಅಳಿಸಿಲ್ಲ. ಒಮ್ಮೆ ಕೊಟ್ಟ ನಂಬರನ್ನು ಇನ್ನೊಂದಕ್ಕೆ ಕೊಡುವುದು ಈ ಕಸುಬಿನಲ್ಲಿ ಇಲ್ಲ. ಎದುರಿನ ಪುಟದಲ್ಲಿ ಹೊಸ ಸಾಲು, ನೀಲಿಯಲ್ಲೇ: "೫.೦.೧: ಅರ್ಧ ಸೆಕೆಂಡು ವಾಪಸ್ ಇಟ್ಟೆ." ಕೆಂಪು ಪೆನ್ನು ಅದರ ಪಕ್ಕದಲ್ಲೇ ಇದೆ. ಮುಚ್ಚಳ ತೆಗೆದಿಲ್ಲ.

ಪರೀಕ್ಷೆಗೆಂದು ೫.೦.೧ ಅನ್ನು ಈಗಲೇ ಹಾಕಿರುವ ಮೊದಲ ಬಸ್ಸಿನ ನಾಲ್ಕನೇ ಸಾಲಿನಲ್ಲಿ ಮೇಡಂ ಕಣ್ಣು ಮುಚ್ಚುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಗಡಿಯಾರ ಕಂಬ, ಹಳೇ ಅಂಚೆ ಕಚೇರಿ, ಸೇತುವೆ, ಮೂರನ್ನೂ ಮೊದಲು ಕೇಳಿಸಿಕೊಳ್ಳುತ್ತಾರೆ.

"ಕೊನೇ ಅಂಕಿಗೆ ಯಾರಾದ್ರೂ ಸಿಗ್ಲಿ," ಎನ್ನುತ್ತಾರೆ ಆಮೇಲೆ. "ಹೊಸದು ಮಾಡೋಕೆ ಎಲ್ಲರೂ ಬರ್ತಾರೆ. ರಿಪೇರಿಗೆ ಯಾರೂ ಬರಲ್ಲ. ನನಗೆ ಬರುತ್ತೆ, ಆದ್ರೆ ನನ್ನ ತಪ್ಪು ನನಗೆ ಕೇಳ್ಸಲ್ಲ."

ಪೆಟ್ಟಿಗೆ ಬಾಗಿಲಿನ ಕಡೆ ಹೇಳುವ ಮೊದಲು ಅರ್ಧ ಸೆಕೆಂಡು ತಡೆಯುತ್ತದೆ. ಮೇಡಂ ಕೂಡ.

"ಸ್ವಲ್ಪ ಬೈಯೋರಾದ್ರೆ ಇನ್ನೂ ಒಳ್ಳೇದು."